ಮಳೆ ತರದ ಮೋಡಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಮಾತಿಗಾಗಿ ಹದಿನೈದು ದಿನದಿಂದ ತಡಕಾಡುತ್ತಿದ್ದೇನೆ. ನಮ್ಮೂರಿನ ಶಾಲೆಯ ಮಕ್ಕಳು ಓದಲಿ ಅಂತ ದೂರದ ಊರುಗಳ ಬಗ್ಗೆ ಆಗಾಗ ಎರಡೆರಡು ಪುಟ ಬರೆದುಕೊಡುತ್ತೇನೆ. ಈ ಸಲ ಪೆರು ದೇಶದ ಲಿಮಾ ನಗರ. "ಲಿಮಾದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಕವಿದಿರುತ್ತದೆ" ಅಂತ ಬರೆದು ಅಕ್ಕನ ಮಗಳಿಗೆ ತೋರಿಸಿದೆ. ಎಂಟನೇ ಕ್ಲಾಸಿನ ಹುಡುಗಿ. ಓದಿದವಳೇ ಕೇಳಿದಳು, "ಹಾಗಾದ್ರೆ ಅಲ್ಲಿ ಮಳೆ ಜಾಸ್ತಿ ಅಲ್ವಾ ಚಿಕ್ಕಿ?"

ಇಲ್ಲ. ಲಿಮಾ ಇರುವುದು ಮರುಭೂಮಿಯಲ್ಲಿ. ವರ್ಷವಿಡೀ ಬೀಳುವ ಮಳೆ ಸೇರಿಸಿದರೂ ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಆದರೆ ಹುಡುಗಿಯದು ತಪ್ಪಲ್ಲ. ನನ್ನ ವಾಕ್ಯವೇ ಅವಳಿಗೆ ಮಳೆಯ ಆಸೆ ಹುಟ್ಟಿಸಿತು.

ಆಮೇಲೆ ಯೋಚಿಸುತ್ತಾ ಹೋದೆ. ಮೋಡಕ್ಕೆ ನಾವು ಹಚ್ಚುವ ಕ್ರಿಯಾಪದಗಳನ್ನು ನೋಡಿ. ಮೋಡ ಕಟ್ಟುತ್ತದೆ, ಹಾಕುತ್ತದೆ, ಏಳುತ್ತದೆ, ಕವಿಯುತ್ತದೆ, ದಟ್ಟೈಸುತ್ತದೆ. ಎಲ್ಲವೂ ಈಗ ಏನೋ ಆಗಲಿದೆ ಅನ್ನುವ ಮಾತುಗಳು. ಇವನ್ನು ಕೇಳಿದ ಕೂಡಲೇ ಮನೆಯಲ್ಲಿ ಯಾರೋ ಒಬ್ಬರು ಒಣಗಿಸಿದ ಬಟ್ಟೆ ತರಲು ಓಡುತ್ತಾರೆ. ಮಳೆ ಬರದೆ ಹೋದರೆ "ಮೋಡ ಚದುರಿತು" ಅಂತೀವಿ. ಅಂದರೆ ಒಂದೋ ಸುರಿಯಬೇಕು, ಇಲ್ಲವೇ ಚದುರಬೇಕು. ಸುರಿಯದೆ, ಚದುರದೆ ತಿಂಗಳುಗಟ್ಟಲೆ ಹಾಗೇ ಇರುವ ಮೋಡಕ್ಕೆ ನನಗೆ ಮಾತು ಸಿಗಲಿಲ್ಲ.

ಲಿಮಾದಲ್ಲಿ ಯಾಕೆ ಹಾಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಅದು ತಿಳಿದರೆ ಎಂಥ ಪದ ಬೇಕು ಅನ್ನುವುದೂ ತಿಳಿಯುತ್ತದೆ. ಮಂಗಳೂರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ, ಲಿಮಾ ದಕ್ಷಿಣಕ್ಕೆ 12 ಡಿಗ್ರಿಯಲ್ಲಿ. ಎರಡಕ್ಕೂ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಬೆಟ್ಟಸಾಲು. ಒಂದಕ್ಕೆ ಘಟ್ಟ, ಇನ್ನೊಂದಕ್ಕೆ ಆಂಡಿಸ್. ಆದರೂ ಮಂಗಳೂರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಲ್ಲಿ ಹೆಂಚಿನ ಇಳಿಜಾರು ಮಾಡು, ಲಿಮಾದಲ್ಲಿ ಚಪ್ಪಟೆ ತಾರಸಿ.

ವ್ಯತ್ಯಾಸ ಇರುವುದು ಕಡಲ ನೀರಿನಲ್ಲಿ. ನಮ್ಮ ಅರಬ್ಬಿ ಸಮುದ್ರ 28 ಡಿಗ್ರಿ ಆಸುಪಾಸು ಬೆಚ್ಚಗಿರುತ್ತದೆ. ಲಿಮಾದ ಮುಂದೆ ದಕ್ಷಿಣದಿಂದ ಹಂಬೋಲ್ಟ್ ಅನ್ನುವ ತಣ್ಣನೆಯ ಪ್ರವಾಹ ಹರಿಯುತ್ತದೆ. ಜೊತೆಗೆ ಆಳದ ತಣ್ಣೀರು ದಡದ ಬಳಿ ಮೇಲೆದ್ದು ಬರುತ್ತದೆ. ಅಲ್ಲಿ ಚಳಿಗಾಲ ಬರುವುದು ಈ ಜೂನ್ ನಂತರದ ತಿಂಗಳುಗಳಲ್ಲೇ. ಆಗ ಆ ನೀರು 16-17 ಡಿಗ್ರಿ ಅಷ್ಟೆ. ಅದರ ಮೇಲಿನ ಗಾಳಿಯೂ ತಣ್ಣಗೆ, ಒದ್ದೆಯಾಗಿರುತ್ತದೆ. ಇನ್ನೂ ಮೇಲೆ, ಎತ್ತರದಿಂದ ಇಳಿದು ಬರುವ ಬಿಸಿ ಒಣಗಾಳಿಯ ಪದರ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ತಂಪು, ಅಲ್ವಾ? ಅಲ್ಲಿ ಒಂದು ಎತ್ತರಕ್ಕೆ ಹೋದರೆ ಇದ್ದಕ್ಕಿದ್ದಂತೆ ಸೆಖೆ. ಆ ಬಿಸಿ ಪದರ ಪಾತ್ರೆಯ ಮುಚ್ಚಳದ ಹಾಗೆ ಕೂರುತ್ತದೆ. ಕೆಳಗಿನ ಒದ್ದೆ ಗಾಳಿ ಅದನ್ನು ದಾಟಿ ಮೇಲೇರಲಾರದು. ಪೂರ್ವಕ್ಕೆ ಹೋಗೋಣ ಅಂದರೆ ಆಂಡಿಸ್ ಗೋಡೆ. ಹೀಗೆ ಮೋಡ ತೆಳ್ಳಗೆ, ಅಗಲವಾಗಿ ಊರ ಮೇಲೆ ಹರಡಿಕೊಂಡು ಬಿಡುತ್ತದೆ. ಮಳೆ ಸುರಿಯಬೇಕಾದರೆ ಮೋಡ ಎತ್ತರಕ್ಕೆ ಬೆಳೆಯಬೇಕು. ಇದಕ್ಕೆ ಬೆಳೆಯಲು ಜಾಗವೇ ಇಲ್ಲ. ಕಡಲು ಬೆಚ್ಚಗಾದರೆ ಕತೆ ಬೇರೆ. 2017ರಲ್ಲಿ ಪೆರುವಿನ ಕರಾವಳಿಯ ನೀರು ಕಾದು ಅದೇ ಒಣ ನೆಲದಲ್ಲಿ ಜೋರು ಮಳೆ ಸುರಿದು ದೊಡ್ಡ ನೆರೆಯೇ ಬಂತು.

ಲಿಮಾದ ಜನ ಈ ಆಕಾಶಕ್ಕೆ ಇಟ್ಟಿರುವ ಹೆಸರು "ಪಾನ್ಸಾ ದೆ ಬುರ್ರೊ". ಹಾಗಂದರೆ ಕತ್ತೆಯ ಹೊಟ್ಟೆ. ಓದಿದಾಗ ಅರ್ಥವಾಗಲಿಲ್ಲ. ಮೊನ್ನೆ ನಮ್ಮ ಬೀದಿಗೆ ಕತ್ತೆ ಹಾಲು ಮಾರುವವರು ಬಂದಿದ್ದರು. ಹೊರಗೆ ಹೋಗಿ ಕತ್ತೆಯ ಪಕ್ಕ ಕೂತು ನೋಡಿದೆ. ಬೆನ್ನಿನ ಮೇಲೆ ಕಂದು ಬೂದು, ನಡುವೆ ಒಂದು ಕಪ್ಪು ಪಟ್ಟೆ. ಹೊಟ್ಟೆಗೆ ಬಂದರೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ಹೊಳಪೂ ಇಲ್ಲ. ಮಾಸಿದ ಬಿಳಿ, ಒಂದೇ ಸಮ. ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಎಷ್ಟು ಸರಿಯಾಗಿ ನೋಡಿದ್ದಾರೆ ಅನ್ನಿಸಿತು! ನಾವು ಕತ್ತೆಯ ಹೊಟ್ಟೆಯ ಕೆಳಗೆ ನಿಂತು ತಲೆಯೆತ್ತಿದರೆ ಕಾಣುವುದು ಅದೇ. ಆದರೆ ಕನ್ನಡದಲ್ಲಿ "ಕತ್ತೆಹೊಟ್ಟೆ ಆಕಾಶ" ಅಂದರೆ ಬೈದ ಹಾಗೆ ಕೇಳುತ್ತದೆ. ಕತ್ತೆ ಅನ್ನುವ ಮಾತನ್ನು ನಾವು ಬೈಗುಳಕ್ಕೆ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಅದನ್ನು ಬರಹದಲ್ಲಿ ಲಿಮಾದವರ ಮಾತಾಗಿಯೇ ಇಡುತ್ತೇನೆ, ಕನ್ನಡದ ಪದವಾಗಿ ಅಲ್ಲ.

ಅಲ್ಲಿ ಆಗಾಗ ಬೀಳುವ ಹನಿಗೆ "ಗರುವಾ" ಅಂತಾರೆ. ಇದಕ್ಕೆ ಸೋನೆ ಅನ್ನಬಹುದೇ ಅನ್ನುವುದು ಇನ್ನೊಂದು ಪ್ರಶ್ನೆ. ಸೋನೆಯಲ್ಲಿ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ. ಗರುವಾದಲ್ಲಿ ಕೂದಲು, ಕನ್ನಡಕ ಒದ್ದೆಯಾಗುತ್ತವೆ, ಅಷ್ಟೆ. ಲಿಮಾದ ಗುಡ್ಡಗಳ ಮೇಲೆ ನೀರಿಲ್ಲದ ಬಡಾವಣೆಯವರು ದೊಡ್ಡ ಬಲೆ ಕಟ್ಟಿ ಇದನ್ನೇ ಹಿಡಿಯುತ್ತಾರೆ. ಬಲೆಯ ಎಳೆಗಳ ಮೇಲೆ ಹನಿಗಟ್ಟಿ, ಜಾರಿ, ಕೆಳಗಿನ ದೋಣಿಗೆ ಇಳಿದು, ತೊಟ್ಟಿ ಸೇರುತ್ತದೆ. ನನಗೆ "ಜಿನುಗು" ಹತ್ತಿರ ಅನ್ನಿಸುತ್ತದೆ.

ಈಗ ಮೋಡಕ್ಕೆ ಬರುತ್ತೇನೆ. ಯೋಚಿಸಿದ ಪದಗಳಲ್ಲಿ "ಮಬ್ಬು" ಮೊದಲನೆಯದು. ಆದರೆ ನಮ್ಮ ಹಾಸನದ ಕಡೆ ಮಬ್ಬು ಅಂದರೆ ಬೆಳಗಾಗುವ ಮುಂಚಿನ ಹೊತ್ತು. "ಮಬ್ಬಲ್ಲೇ ಎದ್ದು ಹೊರಟ್ರು" ಅಂತೀವಿ. "ಮಂಕು" ಮನಸ್ಸಿಗೆ ಅಂಟಿಕೊಂಡಿದೆ. "ಕಾವಳ" ನೆಲಕ್ಕಿಳಿದ ಮಂಜಿಗೇ ಸರಿ. ಸಂಸ್ಕೃತದ "ದುರ್ದಿನ" ಇದೆಯಲ್ಲ, ಅಮರಕೋಶದಲ್ಲಿ ಅದಕ್ಕೆ ಮೋಡ ಮುಚ್ಚಿದ ದಿನ ಅಂತಲೇ ಅರ್ಥ. ಈಗ ಯಾರಿಗೆ ಹೇಳಿದರೂ ಕೆಟ್ಟ ದಿನ ಅಂದುಕೊಳ್ಳುತ್ತಾರೆ.

"ಮುಚ್ಚಿದ ಮುಗಿಲು" ಕಿವಿಗೆ ಚೆನ್ನಾಗಿತ್ತು. ಧಾರವಾಡದ ಗೆಳತಿಗೆ ಹೇಳಿದೆ, ಅವಳಿಗೆ ಕೂಡಲೇ ಒಪ್ಪಿಗೆಯಾಯಿತು. ಅವರಿಗೆ ಮುಗಿಲು ಅಂದರೆ ಆಕಾಶ. ನಮ್ಮಮ್ಮನಿಗೆ ಮುಗಿಲು ಅಂದರೆ ಮೋಡವೇ. ತಮಿಳು, ಮಲಯಾಳದಲ್ಲೂ ಮೋಡವೇ. "ಮೋಡ ಮುಚ್ಚೋದೇನು, ಮೋಡವೇ ಮುಚ್ಚಳ ಅಲ್ವಾ?" ಅಂದರು ಅಮ್ಮ. ಎರಡೂ ಕಡೆಯ ಮಕ್ಕಳು ಓದುವ ಬರಹಕ್ಕೆ ಇದು ತೊಡಕು.

ಹವಾಮಾನದವರ ಲೆಕ್ಕದಿಂದ ಇನ್ನೊಂದು ದಾರಿ ಹೊಳೆಯಿತು. ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡವಿದೆ ಅಂತ ಅವರು ಎಣಿಸುತ್ತಾರೆ. ಒಂದು ಪಾಲಿಗೆ "ಆಕ್ಟಾ" ಅಂತ ಹೆಸರು. ನಮ್ಮ "ಅಷ್ಟ"ದ ನಂಟೇ ಅದು. ಎಂಟಕ್ಕೆ ಎಂಟೂ ಮೋಡವಾದರೆ ಪೂರ್ತಿ ಮುಚ್ಚಿದ ಹಾಗೆ. ನಮ್ಮ ರೈತರ ಬಾಯಲ್ಲಿ ಇಂಥ ಲೆಕ್ಕ ಮೊದಲೇ ಇದೆ. "ಈ ವರ್ಷ ಎಂಟಾಣೆ ಬೆಳೆ" ಅಂದರೆ ಅರ್ಧ ಬೆಳೆ, "ಹದಿನಾರಾಣೆ" ಅಂದರೆ ಪೂರ್ತಿ. ಹಾಗಾದರೆ "ಹದಿನಾರಾಣೆ ಮೋಡ" ಯಾಕಾಗಬಾರದು? ದೊಡ್ಡವರಿಗೆ ಹೇಳಿದಾಗ ಮುಖ ಅರಳಿತು. ಅಕ್ಕನ ಮಗಳಿಗೆ ಆಣೆಯೇ ಗೊತ್ತಿಲ್ಲ.

ಕೊನೆಗೆ ಕೈಹಿಡಿದದ್ದು ಮನೆಯ ಮಾತೇ. ಬೆಂಗಳೂರಿನ ಆಷಾಢ ನಿಮಗೆ ಗೊತ್ತು. ಘಟ್ಟದ ಆಚೆ ಸುರಿದು ಉಳಿದ ಮೋಡ ಗಾಳಿಯ ಜೊತೆ ಬರುತ್ತದೆ. ಮೂರು ಹನಿ ಉದುರಿಸುತ್ತದೆ, ಸುಮ್ನೆ ಇರುತ್ತದೆ. ಹೋದ ಜುಲೈನಲ್ಲಿ ಅಮ್ಮ ಎರಡನೇ ದಿನವೂ ಒಣಗದ ಟವೆಲ್ ಮೂಸಿ ನೋಡಿ, ಮುಗ್ಗಲು ವಾಸನೆಗೆ ಮುಖ ಕಿವುಚಿ, "ಇದೊಂದು ಕೂತ ಮೋಡ, ಏಳಲ್ಲ, ಹೋಗಲ್ಲ" ಅಂದಿದ್ದರು. ಕೂತ ಮೋಡ! ಕಟ್ಟಿದ ಮೋಡಕ್ಕೆ ಸರಿಯಾದ ಜೊತೆ ಪದ. ಪಾಠದ ಪುಸ್ತಕದ "ಪದರು ಮೋಡ" ಆಕಾರ ಹೇಳುತ್ತದೆ, ಇದು ನಡತೆ ಹೇಳುತ್ತದೆ. "ಲಿಮಾದ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಕೂತಿರುತ್ತದೆ" ಅಂತ ತಿದ್ದಿ ಮತ್ತೆ ತೋರಿಸಿದೆ. ಈ ಸಲ ಹುಡುಗಿ ಮಳೆಯ ಮಾತೆತ್ತಲಿಲ್ಲ. "ಯಾಕೆ ಏಳಲ್ಲ?" ಅಂದಳು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು.

ಆದರೂ ಇದು ನಮ್ಮ ಮನೆಯ ಒಬ್ಬರ ಮಾತು. ಬೇರೆ ಕಡೆ ಇದಕ್ಕೆ ಬೇರೂರಿದ ಪದ ಇರಲೇಬೇಕು ಅನ್ನಿಸುತ್ತದೆ. ಮುಖ್ಯವಾಗಿ ಸಕಲೇಶಪುರ, ಮೂಡಿಗೆರೆ, ಕೊಡಗು, ಶಿರಸಿ ಕಡೆಯವರನ್ನು ಕೇಳುತ್ತಿದ್ದೇನೆ. ಅಂಗಳದಲ್ಲಿ ಅಡಿಕೆಯನ್ನೋ ಕಣದಲ್ಲಿ ಕಾಫಿಯನ್ನೋ ಹರಡಿರುತ್ತೀರಿ. ಮಳೆ ಇಲ್ಲ, ಬಿಸಿಲೂ ಇಲ್ಲ, ನಾಲ್ಕು ದಿನದಿಂದ ಮೋಡ ಅಲ್ಲಾಡಿಲ್ಲ. ಆಗ ಮನೆಯ ಹಿರಿಯರು ಬಾಗಿಲಿಗೆ ಬಂದು, ಮೇಲೆ ನೋಡಿ, ಏನಂತಾರೆ? ಅವರ ಬಾಯಲ್ಲಿ ಬಂದ ವಾಕ್ಯವನ್ನೇ, ಇದ್ದ ಹಾಗೆ ಬರೆದು ತಿಳಿಸಿ.