ಜಪಾನಿನ ದೆವ್ವಗಳಿಗೆ ಕಾಲೇಕಿಲ್ಲ?

ಪ್ರಶ್ನೆ (ಬಸವನಗುಡಿಯಿಂದ):

ಕೆಲವು ದಿನಗಳಿಂದ ಜಪಾನಿನ ಹಳೆಯ ದೆವ್ವದ ಕತೆಗಳನ್ನು ಅವುಗಳ ಚಿತ್ರಗಳೊಂದಿಗೆ ಇಟ್ಟುಕೊಂಡು ಓದುತ್ತಿದ್ದೇನೆ. ಬಿಳಿ ಉಡುಪು, ಬಿಚ್ಚಿದ ಕೂದಲು, ಸೊಂಟದಿಂದ ಕೆಳಗೆ ಹೊಗೆಯಂತೆ ಕರಗಿದ ಮೈ ಮತ್ತೆ ಮತ್ತೆ ಬರುತ್ತವೆ. ನಮ್ಮಜ್ಜಿ ಹೇಳುತ್ತಿದ್ದ ಮೋಹಿನಿಗೂ ಬಿಳಿ ಸೀರೆ, ಹರಡಿದ ಕೂದಲು ಇದ್ದವು. ಪಾದ ಮಾತ್ರ ಹಿಂದುಮುಂದಾಗಿತ್ತು. ಇವೆಲ್ಲ ಹೆದರಿಸುವ ವೇಷವಷ್ಟೆಯೋ, ಒಂದೊಂದಕ್ಕೂ ಅರ್ಥವಿದೆಯೋ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಲ್ಲೇಶ್ವರದಿಂದ):

ಬಿಳಿ ಉಡುಪು ವೇಷವಲ್ಲ, ಹೆಣಕ್ಕೆ ಉಡಿಸುವ ಬಟ್ಟೆ. ಕೆಲವು ಚಿತ್ರಗಳಲ್ಲಿ ಹಣೆಯ ಮೇಲೆ ಕಾಣುವ ಬಿಳಿಯ ತ್ರಿಕೋನ ಬಟ್ಟೆಯೂ ಶವಸಂಸ್ಕಾರದ್ದೇ. ಬದುಕಿರುವವರು ಕಿಮೋನೋದ ಎಡಮಗ್ಗುಲನ್ನು ಬಲಮಗ್ಗುಲಿನ ಮೇಲೆ ತಂದು ಕಟ್ಟಿಕೊಂಡರೆ, ಸತ್ತವರಿಗೆ ಅದನ್ನೇ ತಿರುಗುಮುರುಗಾಗಿ ಉಡಿಸುತ್ತಾರೆ. ಪಿತೃಕಾರ್ಯದಲ್ಲಿ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿಲ್ಲದ ರೂಪವನ್ನು ಮಾರುಯಾಮಾ ಓಕ್ಯೋ (1733–1795) ಎಂಬ ಚಿತ್ರಕಾರ ರೂಢಿಗೆ ತಂದನೆಂದು ಹೇಳುವ ವಾಡಿಕೆಯಿದೆ.

ಒಟ್ಟಿನಲ್ಲಿ ಈ ದೆವ್ವ ಇಲ್ಲಿಂದ ಹೊರಟಿದೆ, ಅಲ್ಲಿಗೆ ತಲುಪಿಲ್ಲ. ಒಕಿಕುವಿನ ಕತೆಯನ್ನೇ ನೋಡಿ. ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾಯಿತೆಂಬ ನೆಪದಲ್ಲಿ ಕೆಲಸದ ಹುಡುಗಿಯನ್ನು ಕೊಂದು ಬಾವಿಗೆ ಎಸೆಯುತ್ತಾರೆ. ರಾತ್ರಿ ಬಾವಿಯೊಳಗಿನ ದನಿ ಒಂದು, ಎರಡು ಎಂದು ಎಣಿಸುತ್ತಾ ಒಂಬತ್ತಕ್ಕೆ ನಿಂತು ಚೀರುತ್ತದೆ. ಈ ಕತೆಯ ಒಂದು ಪಾಠಾಂತರದಲ್ಲಿ, ಹೊರಗೆ ಕಾದು ಕುಳಿತವನೊಬ್ಬ "ಹತ್ತು!" ಎಂದು ಕೂಗಿದ ಮೇಲೆ ಅದು ಶಾಂತವಾಗುತ್ತದೆ. ಹಿಮೇಜಿ ಕೋಟೆಯಲ್ಲಿ ಅವಳ ಹೆಸರಿನ ಬಾವಿ ಇಂದಿಗೂ ಇದೆ.

ಉತ್ತರ (ಜಯನಗರದಿಂದ):

ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಕಾಲಿಲ್ಲದಿರುವುದನ್ನು ನಿಯಮವೆಂದುಕೊಳ್ಳಬಾರದು. ಕಥನಕಾರ ಎಂಚೋ ಹೇಳಿ 1884ರಲ್ಲಿ ಅಚ್ಚಾದ 'ಬೊತಾನ್ ದೋರೋ'ದಲ್ಲಿ ದೆವ್ವ ಬರುವುದೇ ಮರದ ಪಾದರಕ್ಷೆಯ "ಕರನ್ ಕೊರೊನ್" ಸದ್ದಿನೊಂದಿಗೆ. ಚಿತ್ರಕಾರನಿಗೆ ಕಾಲು ಅಳಿಸಿದರೆ ಸಾಕು. ದಿಂಬಿನ ಮೇಲೆ ಕುಳಿತು ಬರಿಯ ಮಾತಿನಿಂದ ಕತೆ ಕಟ್ಟುವವನಿಗೆ ಸದ್ದು ಬೇಕಲ್ಲವೇ? ಅವನು ಕಾಲನ್ನು ಉಳಿಸಿಕೊಂಡದ್ದು ಇದಕ್ಕೇ ಎಂದು ನನ್ನ ಊಹೆ.

ಅದೇ ಕತೆಯಲ್ಲಿ ಇನ್ನೊಂದು ಪ್ರತಿಮೆಯಿದೆ. ಮನೆಗೆ ಅಂಟಿಸಿದ ಮಂತ್ರದ ಚೀಟಿಯನ್ನು ದಾಟಲಾರದೆ ದೆವ್ವ ಹೊರಗೇ ಸುತ್ತುತ್ತದೆ. ಕೊನೆಗೆ ನೆರೆಮನೆಯವನು ನೂರು ನಾಣ್ಯದ ಆಸೆಗೆ ಚೀಟಿಯನ್ನು ಕಿತ್ತುಹಾಕುತ್ತಾನೆ. ಲಾಫ್ಕಾಡಿಯೋ ಹರ್ನ್ 1904ರಲ್ಲಿ ಪ್ರಕಟಿಸಿದ ಸಂಗ್ರಹದ ಕುರುಡು ಗಾಯಕ ಹೋಯಿಚಿಯ ಮೈತುಂಬ ಬೌದ್ಧ ಸೂತ್ರ ಬರೆದವರು ಕಿವಿಗಳನ್ನು ಮರೆತಿದ್ದರಿಂದ, ಪ್ರೇತಕ್ಕೆ ಕಂಡದ್ದು ಆ ಎರಡು ಕಿವಿ ಮಾತ್ರ, ಅದು ಕಿತ್ತೊಯ್ದದ್ದೂ ಅವನ್ನೇ. ಬೆಂಗಳೂರಿನಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದ ಕಾಲವನ್ನು ಕಂಡವರು, ದೆವ್ವ ಅಕ್ಷರಕ್ಕೆ ಅಂಜುತ್ತದೆಯೆಂದರೆ ನಗಲಾರರು. ವ್ಯತ್ಯಾಸ ಇಷ್ಟೇ: ಅಲ್ಲಿ ಪವಿತ್ರ ಅಕ್ಷರ ತಡೆಯುತ್ತದೆ, ಇಲ್ಲಿ ಸಾಲ ಕೊಟ್ಟವನಿಗೆ ಹೇಳುವಂಥ ವಾಯಿದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಬೀದಿಯಲ್ಲಿ ಓದುಬರಹ ಬಾರದ ಹಿರಿಯರೊಬ್ಬರು ಆಗ ಸೀಮೆಸುಣ್ಣ ಕೊಟ್ಟು ನನ್ನಿಂದಲೇ "ನಾಳೆ ಬಾ" ಎಂದು ಬರೆಸಿದ್ದರು. ನಾನು ದೀರ್ಘ ಬಿಟ್ಟು "ನಳೆ ಬಾ" ಎಂದು ಬರೆದಿದ್ದೆ. ಹೋಯಿಚಿಯ ಕಿವಿಯ ಸಂಗತಿ ಓದಿದಾಗ ಅದು ನೆನಪಾಯಿತು.