‘ಸೆಲ್ಫ್ ಮ್ಯಾನೇಜ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತೇ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ಬಾಯಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುತ್ತಿರುವವರಿಗಾಗಿ ಇರುವ ಆನ್‌ಲೈನ್ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹಕ್ಕೆ ‘ಸ್ವಯಂ ನಿರ್ವಹಣೆ’ ಅಂತ ಬರೆದೆ. ಸುತ್ತೋಲೆ ಓದಿದ ಹಾಗಿದೆ. ಸಂಜೆಯೊಳಗೆ ಕಳಿಸಬೇಕು, ದಯವಿಟ್ಟು ಹೇಳಿ.

———

‘ತನ್ನಾರೈಕೆ’. ಮುಗೀತು. ಕ್ಯಾನ್ಸರ್ ತೆಗೆದು ‘ಏಡಿಹುಣ್ಣು’ ಹಾಕಿ. ‘ಅರ್ಬುದ’ ಬೇಡವೇ ಬೇಡ, ಸಂಸ್ಕೃತದಲ್ಲಿ ಅದು ಒಂದು ದೊಡ್ಡ ಸಂಖ್ಯೆಯ ಹೆಸರೂ ಹೌದು.

———

ತನ್ನಾರೈಕೆಗೆ ನನ್ನದೂ ಒಪ್ಪಿಗೆ. ಆದರೆ ಅದು ಅಚ್ಚಗನ್ನಡ ಅನ್ನುವ ಕಾರಣಕ್ಕಲ್ಲ. ಹಳಗನ್ನಡದ ‘ಆರಯ್’ಗೆ ಹುಡುಕಿ ನೋಡು ಅಂತಲೂ ಅರ್ಥ, ಸಲಹು ಅಂತಲೂ ಅರ್ಥ. ಇವರು ಮಾಡಬೇಕಾದ್ದು ಎರಡನ್ನೂ ಅಲ್ವಾ?

ನನ್ನ ಅಣ್ಣನಿಗೆ ಆಪರೇಷನ್, ರೇಡಿಯೇಷನ್ ಎರಡೂ ಆಗಿತ್ತು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಮೂರು ಬೆರಳು ಒಂದರ ಮೇಲೊಂದು ಇಟ್ಟು, ಹಲ್ಲುಗಳ ನಡುವೆ ತೂರುತ್ತವಾ ಅಂತ ನೋಡುತ್ತಿದ್ದ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಎಂದೇ ಲೆಕ್ಕ. ಆಮೇಲೆ ಟಾರ್ಚ್ ಹಿಡಿದು ನಾಲಿಗೆಯ ಅಂಚು, ಕೆನ್ನೆಯ ಒಳಗೆ ನೋಡಿಕೊಳ್ಳುವುದು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ ಅಂತ. ಅದಾದ ಮೇಲೆ ದವಡೆಯ ವ್ಯಾಯಾಮ. ಜೊಲ್ಲೇ ಬತ್ತಿಹೋಗಿದ್ದರಿಂದ ಹೋದಲ್ಲೆಲ್ಲ ನೀರಿನ ಬಾಟಲಿ. ಇದಕ್ಕೆ ನಿರ್ವಹಣೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ತನ್ನಾರೈಕೆ ಅಂತ ಸುಮ್ನೆ ಬಿಡಬೇಡಿ, ‘ತನ್ನಾರೈಕೆಗೆ ನೆರವು’ ಅನ್ನಿ. ನೆರವು ಬಿಟ್ಟರೆ, ಇನ್ನು ನಿಮ್ಮ ಪಾಡು ನಿಮಗೆ ಅಂದ ಹಾಗಾಗುತ್ತದೆ. ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯಿಂದ ಹೊರಗೆ ಬಂದಾಗ ಅಣ್ಣನಿಗೆ ಅನ್ನಿಸಿದ್ದೂ ಅದೇ.

ಏಡಿಹುಣ್ಣು ಖಂಡಿತ ಬೇಡ. ಲ್ಯಾಟಿನ್ನಿನಲ್ಲಿ ಕ್ಯಾನ್ಸರ್ ಅಂದರೂ ಏಡಿಯೇ. ಎರವಲು ಹಾಗೇ ಉಳಿಯಿತು, ವೇಷ ಬದಲಾಯಿತು ಅಷ್ಟೆ. ಡಾಕ್ಟರ ಚೀಟಿಯಲ್ಲಿ ಒಂದು ಹೆಸರು, ಈ ಪುಟದಲ್ಲಿ ಇನ್ನೊಂದು ಹೆಸರು ಕಂಡರೆ ರೋಗಿ ಹೊಸ ಕಾಯಿಲೆಯೇನೋ ಅಂತ ಹೆದರುತ್ತಾನೆ.

———

ರೋಗಿ ಹೆದರುತ್ತಾನೆ ಅಂತ ಎಷ್ಟು ದಿನ ಎರವಲು ತರುತ್ತೀರಿ? ಬಳಸಿದರೆ ತಾನೇ ಪದ ರೂಢಿಗೆ ಬರೋದು.

———

ಬಳಸಿ, ಬೇಡ ಅನ್ನಲ್ಲ. ಕಾಯಿಲೆಯವರ ಮೇಲೆ ಮೊದಲು ಬೇಡ.

———

‘ತನ್ನಾರೈಕೆಗೆ ನೆರವು’ ಅಂತ ಹಾಕಿ ಕಳಿಸಿದೆ. ಕ್ಯಾನ್ಸರ್ ಹಾಗೇ ಇದೆ. ಒಳಪುಟದ ‘ಲಾಲಾರಸ’ ತೆಗೆದು ‘ಜೊಲ್ಲು’ ಮಾಡಿದೆ. ‘ಟ್ರಿಸ್ಮಸ್’ ಇದ್ದ ಕಡೆ ‘ದವಡೆ ಬಿಗಿತ’. ಅಣ್ಣ ಹೇಗಿದ್ದಾರೆ?