ಹಳೆಯ ಸಿಂಗಲ್ ಮಾಲ್ಟ್‌ನ ರುಚಿ: ಕಹಿಯೋ, ಕಟುವೋ, ಒಗರೋ?

ಪ್ರಶ್ನೆ: 25 ವರ್ಷ ಪೀಪಾಯಿಯಲ್ಲಿದ್ದ ಸ್ಕಾಚ್ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ತಯಾರಾದ ಸ್ಕಾಟ್ಲೆಂಡಿನ ವಿಸ್ಕಿ) ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಆಸ್ಟ್ರಿಂಜೆಂಟ್’ ಎಂಬುದಕ್ಕೆ ‘ಕಹಿ’ ಎಂದು ಹಾಕಬಹುದೆ? ‘ಕಟು’, ‘ಕಷಾಯ’ ಎಂದೂ ಬರೆಯುವವರಿದ್ದಾರೆ. ಯಾವುದು ಸರಿ?

ಉತ್ತರ: ಮೂರೂ ಬೇಡ, ‘ಒಗರು’ ಎನ್ನಿ.

ಆಯುರ್ವೇದದ ಆರು ರುಚಿಗಳ, ಅಂದರೆ ಷಡ್ರಸಗಳ ಲೆಕ್ಕದಲ್ಲಿ ‘ಕಷಾಯ’ ಸರಿಯಾದ ಪದವೇ. ಆದರೆ ಇವತ್ತು ಕಷಾಯ ಎಂದರೆ ಶುಂಠಿ, ಮೆಣಸು ಹಾಕಿ ಕುದಿಸಿದ್ದೇ ನೆನಪಿಗೆ ಬರುತ್ತದೆ. ಅದೇ ಲೆಕ್ಕದಲ್ಲಿ ‘ಕಟು’ ಎಂದರೆ ಖಾರ, ಕಹಿಗೆ ‘ತಿಕ್ತ’. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಓದುವವರಿಗೆ ಬೇರೆಯದೇ ಮಾಲ್ಟ್ ಸಿಗುತ್ತದೆ.

ಪೀಪಾಯಿಯ ಓಕ್ ಮರದಿಂದ ಇಳಿಯುವ ಟ್ಯಾನಿನ್ (ಒಗರು ಕೊಡುವ ಸಸ್ಯವಸ್ತು) ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ನುಣುಪು ಹೋಗಿ, ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿದರೆ ತರಿತರಿ ಎನಿಸುತ್ತದೆ. ಎಳೆ ಬಾಳೆಕಾಯಿ, ಹಸಿ ಅಡಿಕೆ ಅಗಿದಾಗ ಆಗುವುದೂ ಇದೇ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ನೀರಿಗೆ ಚೊಗರು, ತೊಗರು ಎನ್ನುತ್ತಾರಲ್ಲ, ಅದರಲ್ಲಿ ಕೆಂಪೂ ಒಗರೂ ಒಟ್ಟಿಗೇ ಇರುತ್ತವೆ. ಪೀಪಾಯಿ ಮಾಲ್ಟ್‌ಗೆ ಬಣ್ಣ, ಒಗರು ಎರಡನ್ನೂ ಕೊಡುತ್ತದೆ. ಹಾಗೆಂದು ಬಣ್ಣ ನೋಡಿ ಒಗರನ್ನು ಅಳೆಯಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ.

ಹೊಸಬರು ತಪ್ಪುವುದು ಇನ್ನೊಂದು ಕಡೆ. ಮದ್ಯಸಾರದ ಘಾಟನ್ನೇ ಒಗರು ಎಂದುಕೊಳ್ಳುತ್ತಾರೆ. ಬಾಯಿ ಕಿರಿದಾದ ಟ್ಯೂಲಿಪ್ ಲೋಟಕ್ಕೆ 20 ಮಿ.ಲೀ. ಸುರಿದು ಹತ್ತು ನಿಮಿಷ ಹಾಗೇ ಬಿಡಿ. ಬಾಯಿ ತುಸು ತೆರೆದುಕೊಂಡು ಮೆಲ್ಲಗೆ ಮೂಸಿ. ಲೋಟದೊಳಗೆ ಮೂಗಿಟ್ಟು ಜೋರಾಗಿ ಎಳೆದರೆ ಮೂಗು ಮರಗಟ್ಟುತ್ತದೆ, ಆಮೇಲೆ ಯಾವ ಕಂಪೂ ತಿಳಿಯದು. ಅರ್ಧ ಚಮಚದಷ್ಟು ಗುಟುಕು ತೆಗೆದು ಹತ್ತು ಸೆಕೆಂಡು ಬಾಯೊಳಗೆ ಆಡಿಸಿ ನುಂಗಿ. ಈಗ ಲೋಟಕ್ಕೆ ಒಂದು ಚಮಚ ನೀರು ಹಾಕಿ ಮತ್ತೆ ನೋಡಿ. ಮೊದಲು ಚುರುಗುಟ್ಟಿದ್ದು ತಗ್ಗಿದರೆ ಅದು ಘಾಟು. ಒಗರು ನೀರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಳೆಯ ಮಾಲ್ಟ್‌ನಲ್ಲಿ ನೀರು ಹೆಚ್ಚಾದರೆ ಹಣ್ಣಿನ ರುಚಿ ತೆಳುವಾಗಿ ಒಗರೇ ಎದ್ದು ಕಾಣುವುದೂ ಉಂಟು. ಅದಕ್ಕೇ ಮದ್ಯಸಾರ ಶೇಕಡಾ 40, 43 ಮಾತ್ರ ಇರುವ ಹಳೆಯದಕ್ಕೆ ಚಮಚದ ಬದಲು ಹನಿ ಲೆಕ್ಕದಲ್ಲಿ ನೀರು ಹಾಕಬೇಕು. ಒಗರು ಗುಟುಕಿನಿಂದ ಗುಟುಕಿಗೆ ಬೆಳೆಯುತ್ತದೆ, ಆದ್ದರಿಂದ ನಡುವೆ ನೀರು ಕುಡಿದು ಚೂರು ಸಪ್ಪೆ ಬ್ರೆಡ್ ತಿನ್ನಿ. ಇಲ್ಲದಿದ್ದರೆ ಮೂರನೇ ಲೋಟದ ಮೇಲೆ ಮೊದಲನೆಯದರ ತಪ್ಪು ಹೊರಿಸುತ್ತೀರಿ.

ವಯಸ್ಸೊಂದೇ ಒಗರನ್ನು ತೀರ್ಮಾನಿಸುವುದಿಲ್ಲ. ಮೊದಲ ಸಲ ವಿಸ್ಕಿ ತುಂಬಿದ ಯುರೋಪಿಯನ್ ಓಕ್‌ನ ಶೆರ್ರಿ (ಸ್ಪೇನಿನ ಒಂದು ವೈನ್) ಪೀಪಾಯಿ ಹೆಚ್ಚು ಟ್ಯಾನಿನ್ ಬಿಡುತ್ತದೆ. ಹಲವು ಸಲ ಬಳಸಿದ ಅಮೆರಿಕನ್ ಓಕ್‌ನಲ್ಲಿ 30 ವರ್ಷವಿದ್ದದ್ದೂ ನುಣುಪಾಗಿರಬಲ್ಲದು.

ಒಗರು ಅಂದಾಕ್ಷಣ ದೋಷವೂ ಅಲ್ಲ. ಹಿತವಾಗಿದ್ದರೆ ‘ಕೊನೆಯಲ್ಲಿ ತುಸು ಒಗರು’ ಎನ್ನಿ. ಮಿತಿ ಮೀರಿದ್ದರೆ ‘ಮರದ ಒಗರು ಹಣ್ಣಿನ ರುಚಿಯನ್ನು ಮುಚ್ಚಿದೆ’ ಎಂದು ಬಿಡಿಸಿ ಬರೆಯಿರಿ. ಕಾಫಿ ಡಿಕಾಕ್ಷನ್‌ನಂಥ ರುಚಿ ಸಿಕ್ಕಾಗ ಮಾತ್ರ ‘ಕಹಿ’.